ಅತ್ತೆಯ ಒಡಪಿಗೆ ನನ್ನ ಆಂಪ್ಲಿಫೈಯರ್

ಖಾನಾಪುರದಲ್ಲಿ ನನ್ನ ಸೋದರತ್ತೆಯ ಮೊಮ್ಮಗಳ ಕೂಸಿಗೆ ತೊಟ್ಟಿಲ ಕಾರ್ಯವಿತ್ತು. ತೊಟ್ಟಿಲ ಮುಂದೆ ಹೆಂಗಸರು ಒಬ್ಬೊಬ್ಬರಾಗಿ ಒಡಪು ಕಟ್ಟಿ, ಅದರಲ್ಲಿ ಗಂಡನ ಹೆಸರು ಹೇಳುವುದು ನಮ್ಮ ಕಡೆಯ ಪದ್ಧತಿ. ಅತ್ತೆಯ ಒಡಪೆಂದರೆ ಓಣಿಯೇ ನಗುತ್ತದೆ. ಆದರೆ ಮಾವನ ಕಿವಿ ಮಂದವಾದ ಮೇಲೆ, ಕಿವಿಯಂತ್ರ ಹಾಕಿಕೊಂಡರೂ ಅವನಿಗೊಬ್ಬನಿಗೇ ಅದು ಮುಟ್ಟುತ್ತಿರಲಿಲ್ಲ.

"ತಮ್ಮಾ, ಈ ಸಲ ಇವ್ರಿಗೆ ಕೇಳಬೇಕ ನೋಡು. ನಿನ್ನ ಆ ಡಬ್ಬಿ ತಗೊಂಡ ಬಾ," ಎಂದು ಅತ್ತೆ ಫೋನು ಮಾಡಿದಳು.

ಡಬ್ಬಿಯೆಂದರೆ ಬೆಳಗಾವಿಯ ರಾಮತೀರ್ಥ ನಗರದ ಮನೆಯಲ್ಲಿ ನಾನೇ ಜೋಡಿಸಿದ, ದನಿ ಹೆಚ್ಚಿಸುವ ಕ್ಲಾಸ್ ಡಿ ಎಂಬ ಬಗೆಯ ಆಂಪ್ಲಿಫೈಯರ್. ಬುತ್ತಿ ಡಬ್ಬಿಯಷ್ಟೇ ಗಾತ್ರ, ದನಿ ಮಾತ್ರ ಗಟ್ಟಿ. ಸ್ಪೀಕರ್ ಕೂಗಿದರೆ ಮನೆಯವರೂ ಕೂಗುತ್ತಾರೆಂದು, ಕರೆಂಟಿನ ಒಲೆಯ ಕಾಯಿಲನ್ನು ಅಳತೆಗೆ ಕತ್ತರಿಸಿ, ಕಾಯದಿರಲೆಂದು ಬಕೆಟ್ಟಿನ ನೀರಿಗಿಳಿಸಿ, ಅದನ್ನೇ ಸ್ಪೀಕರ್ ಎಂದುಕೊಂಡು ಪರೀಕ್ಷೆ ಮಾಡಿದ್ದೆ. ಅಳೆಯುವ ಪರದೆಯ ಮೇಲೆ ದನಿಯ ಅಲೆ ಬೆಣ್ಣೆಯಂತೆ ನುಣುಪಾಗಿತ್ತು.

ಖಾನಾಪುರದಲ್ಲಿ ಭಜನೆಯವರ ಹಳೆಯ ಸ್ಪೀಕರಿಗೆ ಜೋಡಿಸಿದೆ. ಅತ್ತೆ ಮೈಕು ಹಿಡಿದು, "ಸಜ್ಜಿ ರೊಟ್ಟಿ ಸುಟ್ಟು, ಶೇಂಗಾ ಚಟ್ನಿ ಇಟ್ಟು..." ಎನ್ನುವಷ್ಟರಲ್ಲಿ ಒಂದೊಂದು ಸಕಾರವೂ ಚುರ್ ಎಂದಿತು.

"ಅಗ ಬಾಯಿ! ಮೈಕಿನ್ಯಾಗ ಭಜಿ ಕರ್ಯಾಕತ್ತಾರೇನ?" ಎಂದಳು ಬಾಜು ಮನೆಯ ಮರಾಠಿ ಮಾವಶಿ. ಮಾವ ಮುಖ ಹಿಂಡಿ, ಕಿವಿಯಂತ್ರವನ್ನೇ ತೆಗೆದು ಕಿಸೆಗೆ ಹಾಕಿಕೊಂಡ.

ಅತ್ತೆಯ ಮುಖ ಬಾಡಿತು. "ಇರ್ಲಿ ಬಿಡು ತಮ್ಮಾ."

"ಚಾ ಕುಡಿಯೂದ್ರಾಗ ಸರಿ ಮಾಡ್ತೀನಿ, ತಡಿ ಅತ್ತೀ."

ಮನೆಯವರ ನಾಲಿಗೆಗೆ ತಕ್ಕಂತೆ ಉಪ್ಪು ಹಾಕಿ ಬೀಗರಿಗೆ ಬಡಿಸಿದಂತಾಗಿತ್ತು ನನ್ನ ಕೆಲಸ. ಕ್ಲಾಸ್ ಡಿ ದನಿಯನ್ನು ಸಣ್ಣಗೆ ಕತ್ತರಿಸಿ ಕಳಿಸುತ್ತದೆ. ಕೊನೆಯಲ್ಲಿರುವ ತಂತಿಯ ಸುರುಳಿ ಮತ್ತು ಕೆಪಾಸಿಟರ್ ಅದನ್ನು ಸೋಸಿ ಮತ್ತೆ ದನಿಯಾಗಿಸಬೇಕು. ಬಕೆಟ್ಟಿನ ಕಾಯಿಲು ಸಾಧು ಪ್ರಾಣಿ, ಯಾವ ದನಿಗೂ ಒಂದೇ ತಡೆ. ಸ್ಪೀಕರ್ ಹಾಗಲ್ಲ. ದಪ್ಪ ದನಿಗೊಂದು ತಡೆ, ಸಕಾರದಂಥ ಸಣ್ಣ ದನಿಗೆ ಇನ್ನೂ ಹೆಚ್ಚು. ಸಾಧುವಿಗೆಂದು ಹೊಂದಿಸಿದ ಸೋಸುವಿಕೆ ಈ ಹಟಮಾರಿಯ ಮುಂದೆ ಹಿಡಿತ ತಪ್ಪಿ, ಸಣ್ಣ ದನಿಗಳನ್ನೆಲ್ಲ ಎತ್ತಿ ಎತ್ತಿ ಒಗೆಯುತ್ತಿತ್ತು.

ಚೀಲದಲ್ಲಿದ್ದ ಒಂದು ರೆಸಿಸ್ಟರನ್ನೂ ಒಂದು ಕೆಪಾಸಿಟರನ್ನೂ ಸಾಲಾಗಿ ಬೆಸೆದು ಸ್ಪೀಕರಿನ ಎರಡು ತುದಿಗಳಿಗೆ ಅಡ್ಡಲಾಗಿ ಕಟ್ಟಿದೆ. ಇನ್ನು ಸಣ್ಣ ದನಿಗೆ ಸ್ಪೀಕರ್ ಎಷ್ಟೇ ಬಿಗುಮಾನ ಮಾಡಿದರೂ, ಆಂಪ್ಲಿಫೈಯರಿಗೆ ಅಲ್ಲೊಂದು ಬಕೆಟ್ಟಿನ ಕಾಯಿಲೇ ಕಂಡಂತೆ. ಮಾವನಿಗೆ ಸನ್ನೆ ಮಾಡಿ ಕಿವಿಯಂತ್ರ ಹಾಕಿಸಿದೆ.

ಅತ್ತೆ ಮತ್ತೆ ಮೈಕು ಹಿಡಿದಳು:

"ಸಜ್ಜಿ ರೊಟ್ಟಿ ಸುಟ್ಟು, ಶೇಂಗಾ ಚಟ್ನಿ ಇಟ್ಟು,
ಉಣ್ಣಾಕ ಕರದ್ರ ಬರ್ತಾರ ಇವ್ರು, ಮರತು ಎಲ್ಲಾ ಸಿಟ್ಟು!"

'ಇವ್ರು' ಎಂದಲ್ಲಿ ಹೆಸರೇ ಹೇಳಿದಳು. ನಾನು ಬರೆದರೆ ಬೈಯುತ್ತಾಳೆ. ರೊಟ್ಟಿ ರೊಟ್ಟಿಯಾಗಿ, ಸಿಟ್ಟು ಸಿಟ್ಟಾಗಿ ಓಣಿಯ ತುದಿಯವರೆಗೂ ಹೋಯಿತು.

ಮಾವ ಕುರ್ಚಿಯಿಂದ ಎದ್ದೇ ಬಿಟ್ಟ.

"ಸುಳ್ಳ ಹೇಳ್ತಾಳ್ರೀ! ಚಟ್ನಿಗೆ ಉಪ್ಪ ಮರತ್ರ ಯಾವ ಗಂಡ ಬರ್ತಾನ?"

ಹೆಂಗಸರೆಲ್ಲ ಬಿದ್ದು ಬಿದ್ದು ನಕ್ಕರು. ಎಲ್ಲರೆದುರು ಬೈಸಿಕೊಂಡ ಅತ್ತೆ ಮಾತ್ರ ಮೈಕು ಕೆಳಗಿಡುವುದನ್ನೂ ಮರೆತು, "ಕೇಳಸ್ತು ಇವ್ರಿಗೆ! ಕೇಳಸ್ತು!" ಎಂದು ಓಣಿಗೆಲ್ಲ ಸಾರಿದಳು.