ಫೈನ್ ಎನ್ನಲೊಲ್ಲದ ಶಶಿರೇಖ

ಬಂಗಾರಪೇಟೆಯ ಆ ನರ್ಸಿಂಗ್ ಹೋಮಿನಲ್ಲಿ ಒಂದು ಸಿಂಹಾಸನವಿತ್ತು. ಕೆಳಗೆ ಪುಟ್ಟ ಚಕ್ರಗಳು, ಮೇಲೆ ಕಪ್ಪು ರೆಕ್ಸಿನ್ನು, ಎಡಗೈ ಊರುವ ಕಡೆ ಹರಿದು ಇಣುಕುವ ಸ್ಪಂಜು. ವಿಚಾರಣೆ ಕೌಂಟರಿನ ಹಿಂದಿದ್ದ ಆ ತಿರುಗುವ ಕುರ್ಚಿಯ ಮೇಲೆ ಕಣ್ಣಿಟ್ಟಿದ್ದವಳು ಮಾರಿಕುಪ್ಪಂ ಪಕ್ಕದ ಹಳ್ಳಿಯ ಶಶಿರೇಖ. ಬಹಳ ವರ್ಷಗಳಿಂದ ಅವಳಿಗೆ ಅಲ್ಲಿ ಆಯಾ ಕೆಲಸ. ಅವಳು ಗಾಲಿಕುರ್ಚಿಯಲ್ಲಿ ತಳ್ಳಿದ ರೋಗಿಗಳೆಲ್ಲ ಎದ್ದು ನಡೆದುಕೊಂಡು ಮನೆಗೆ ಹೋದರು. ಅವಳ ಮಂಡಿ ಮಾತ್ರ, ಕೂತು ಮಾಡುವ ಕೆಲಸ ಸಿಗದಿದ್ದರೆ ತಾನೇ ರಾಜೀನಾಮೆ ಕೊಡುತ್ತೇನೆಂದು ಹಠ ಹಿಡಿದಿತ್ತು.

ಕೊನೆಗೂ ಸಿಂಹಾಸನ ಖಾಲಿಯಾಯಿತು. ಆದರೆ ಅಲ್ಲಿ ಕೂತವರು ವಿಮೆ ಕಂಪನಿಯವರ ಫೋನಿಗೆ ಉತ್ತರ ಕೊಡಬೇಕು. ಅವರಿಗೋ ಕನ್ನಡ ಬಾರದು, ತೆಲುಗು ಬಾರದು, ತಮಿಳೂ ಬಾರದು. ಮೂರನ್ನೂ ಒಂದೇ ಉಸಿರಿನಲ್ಲಿ ಆಡುವ ಶಶಿರೇಖಳಿಗೆ ಆ ಕಂಪನಿಯವರ ಮೇಲೆ ಕನಿಕರವೇ ಹುಟ್ಟಿತು. ಆದರೂ ಪುಣೆಯಿಂದ ಬಂದ ಹೊಸ ಮ್ಯಾನೇಜರ್ ಆಶಾರಾಣಿ ಇಂಗ್ಲಿಷಿನಲ್ಲೇ ಸಂದರ್ಶನವೆಂದು ಸಾರಿದ ಮೇಲೆ ಯುದ್ಧಕ್ಕೆ ಇಳಿಯದೆ ವಿಧಿಯಿರಲಿಲ್ಲ.

ಶಸ್ತ್ರಾಭ್ಯಾಸ ನಡೆದದ್ದು ಮಾರಿಕುಪ್ಪಂನಿಂದ ಹೊರಡುವ ಬೆಳಗಿನ ರೈಲಿನಲ್ಲಿ. ಗುರು, ಬಂಗಾರಪೇಟೆಯಲ್ಲಿ ಬಿ.ಎಡ್. ಓದುವ ಪಕ್ಕದ ಮನೆಯ ಸಹನ. ಹತ್ತನೇ ತರಗತಿ ಪಾಸಾಗಿದ್ದ ಶಶಿರೇಖಳಲ್ಲಿ ಇಂಗ್ಲಿಷಿನ ಅಡಿಪಾಯ ಉಳಿದಿತ್ತು, ಗೋಡೆ ಬಿದ್ದುಹೋಗಿತ್ತು. ಊರ್ಗಾಂ ಸ್ಟೇಷನ್ ಬರುವಷ್ಟರಲ್ಲಿ ಭೂತಕಾಲ ಮಣ್ಣುಮುಕ್ಕಿತು. ಕೋರಮಂಡಲ್ ದಾಟುವಾಗ ‘ಕುಡ್ ಯೂ ಪ್ಲೀಸ್’ ಶರಣಾಯಿತು. ‘ಇಫ್ ಐ ಹ್ಯಾಡ್ ನೋನ್’ ಎಂಬ ಮಹಾರಥಿ ಮಾತ್ರ ದಿನಗಟ್ಟಲೆ ಕಾದಾಡಿ, ಅವಳು ಅವರೆಕಾಯಿ ಬಿಡಿಸುತ್ತ ಕೂತಿದ್ದ ಒಂದು ಬೆಳಗ್ಗೆ ತಾನಾಗಿ ಬಂದು ಕಾಲಿಗೆ ಬಿದ್ದ.

ಸೈನ್ಯ ಮುಗ್ಗರಿಸಿದ್ದು ಒಂದೇ ಕಡೆ.

“ಹೌ ಆರ್ ಯೂ?” ಎಂದಳು ಸಹನ.

“ನೀ ಪೇನ್,” ಎಂದು ಶಶಿರೇಖ ಮಂಡಿ ತೋರಿಸಿದಳು.

“ಅಂಗಲ್ಲ ಶಶಕ್ಕ. ಐ ಆಮ್ ಫೈನ್ ಅನ್ನಬೇಕು. ನಾನು ಚೆನ್ನಾಗಿದೀನಿ ಅಂತ.”

ಶಶಿರೇಖ ಬೋಗಿಯ ಸುತ್ತ ಕಣ್ಣಾಡಿಸಿ ದನಿ ತಗ್ಗಿಸಿದಳು. “ತುಂಬಿದ ರೈಲಲ್ಲಿ ಬಾಯ್ಬಿಟ್ಟು ಅಂಗಂದ್ರೆ ಕಣ್ಣು ಬೀಳಾಕಿಲ್ವೇನಮ್ಮ? ನಮ್ಮ ಅಸ ಚೆನ್ನಾಗಿ ಆಲು ಕರೀತದೆ ಅಂತ ನಮ್ಮ ಯಜಮಾನ ಕ್ಯಾಸಂಬಳ್ಳಿ ಬಸ್ ಸ್ಟ್ಯಾಂಡಲ್ಲಿ ಸಾರ್ಬಿಟ್ಟು ಬಂದ. ಮಾರನೇ ದಿನಾನೇ ಒದ್ದು ಬಿಂದಿಗೆ ಸೊಟ್ಟ ಮಾಡ್ತು.”

“ಇಂಗ್ಲಿಷಲ್ಲಿ ಅಂದ್ರೆ ದೃಷ್ಟಿ ಆಗಲ್ಲ.”

“ದೃಷ್ಟಿಗೆ ಇಂಗ್ಲಿಷ್ ಬರಲ್ಲ ಅಂತ ನಿಂಗೆ ಯಾರೇಳಿದ್ರು?”

ಬಿ.ಎಡ್. ಪಠ್ಯ ಬದಿಗಿಟ್ಟು ಸಹನ ಸಂಧಾನಕ್ಕಿಳಿದಳು. “ಅವತ್ತೊಂದಿನ ಅಂದ್ಬಿಡು. ಸಾಯಂಕಾಲ ನಾನೇ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗಾಕ್ತೀನಿ. ಕುರ್ಚಿ ಬೇಕೋ ಬ್ಯಾಡ್ವೋ?”

ಕುರ್ಚಿ ಬೇಕಿತ್ತು. ಶಶಿರೇಖ ಒಪ್ಪಿದಳು.

ಸಂದರ್ಶನದ ದಿನ ಇವಳಿಗಿಂತ ಮುಂಚೆ ಇಬ್ಬರು ಪದವೀಧರ ಹುಡುಗಿಯರು ಒಳಗೆ ಹೋಗಿ ನಗುತ್ತ ಹೊರಬಂದರು. ಗಂಜಿ ಹಾಕಿದ ಸೀರೆಯ ಕವಚ ತೊಟ್ಟ ಶಶಿರೇಖ, ತಲೆಯಲ್ಲಿ ಸಕಲ ವ್ಯಾಕರಣಾಸ್ತ್ರಗಳನ್ನು ಧರಿಸಿ ಒಳಹೊಕ್ಕಳು.

“ಹೌ ಆರ್ ಯೂ, ಶಶಿರೇಖಾ?” ಎಂದರು ಆಶಾರಾಣಿ.

‘ಐ ಆಮ್’ ಹೊರಬಂತು. ‘ಫೈನ್’ ಹಿಂದೇಟು ಹಾಕಿತು. ಕೆಳಗೆ ಮಂಡಿ ಕಿವಿಗೊಟ್ಟು ಕೇಳುತ್ತಿರುವಂತೆ ಅವಳಿಗೆ ಅನ್ನಿಸಿತು.

“ಐ ಆಮ್ ನಾಟ್ ಸೋ ಫೈನ್, ಮೇಡಮ್. ಮೈ ನೀ ಹ್ಯಾಸ್ ಬೀನ್ ಪೇನಿಂಗ್. ಇಫ್ ಐ ಹ್ಯಾಡ್ ನೋನ್, ಐ ವುಡ್ ಹ್ಯಾವ್ ಆಸ್ಕ್ಡ್ ಫಾರ್ ಸಿಟ್ಟಿಂಗ್ ವರ್ಕ್. ಅಂಡ್ ಯೂ?”

ಹೇಳಿ ಮುಗಿಸಿದ ಮೇಲೆ ರಾಜ್ಯ ಕೈತಪ್ಪಿತೆಂದು ತಲೆ ತಗ್ಗಿಸಿದಳು. ಆಶಾರಾಣಿ ಪೆನ್ನು ಕೆಳಗಿಟ್ಟು, ಬೆನ್ನ ಹಿಂದಿನ ದಿಂಬನ್ನು ಸರಿಪಡಿಸಿಕೊಂಡರು.

“ಮೈ ಬ್ಯಾಕ್,” ಎಂದರು ಸಣ್ಣ ದನಿಯಲ್ಲಿ.

ಆಮೇಲೆ ನಡೆದದ್ದು ಸಂದರ್ಶನವಲ್ಲ. ಎಕ್ಕದ ಎಲೆಗೆ ಹರಳೆಣ್ಣೆ ಸವರಿ ಕಾಯಿಸಿ ಕಟ್ಟುವ ಕ್ರಮವನ್ನು ಶಶಿರೇಖ ಇಂಗ್ಲಿಷಿನಲ್ಲೇ ವಿವರಿಸಿದಳು. ಎಕ್ಕಕ್ಕೆ ಪದ ಸಿಗದೆ ಮೇಜಿನ ಮೇಲೆ ಬೆರಳಲ್ಲಿ ಎಲೆ ಬರೆದಳು. “ಕುಡ್ ಯೂ ಪ್ಲೀಸ್ ಸಿಟ್ ಸ್ಟ್ರೇಟ್?” ಎಂದು ಮ್ಯಾನೇಜರನ್ನೇ ಗದರಿದಳು. ಕೊನೆಗೆ ಆಶಾರಾಣಿ ಹೇಳಿದ್ದರ ತಾತ್ಪರ್ಯ ಇಷ್ಟು: ಬಂದವರೆಲ್ಲ ಫೈನ್ ಅಂದು ಸುಮ್ಮನಾದರು, ಮುಂದಕ್ಕೆ ಮಾತೇ ಇಲ್ಲ. ಈ ಕೌಂಟರಿಗೆ ಬರುವವರು ಯಾರೂ ಫೈನ್ ಆಗಿರುವುದಿಲ್ಲ. ಸೋಮವಾರದಿಂದ ನೀನೇ ಕೂತುಕೋ.

ಸಂಜೆಯ ರೈಲಿನಲ್ಲಿ ಸಹನ ಕಾಯುತ್ತಿದ್ದಳು. “ಏನಾಯ್ತು ಶಶಕ್ಕ? ಸಿಕ್ತಾ?”

ಎದುರು ಸೀಟಿನಲ್ಲಿ ಹೂ ಕಟ್ಟುತ್ತಿದ್ದವರ ಕೈಗಳು ನಿಂತವು. ಶಶಿರೇಖ ಮುಖ ಸಪ್ಪಗೆ ಮಾಡಿ ಮಂಡಿ ನೀವಿಕೊಂಡಳು.

“ಅಯ್ಯೋ, ಏನ್ ಕೇಳ್ತೀಯಾ. ಸೋಮವಾರದಿಂದ ಕೂತ್ಕೊಂಡೇ ಸಾಯ್ಬೇಕಂತೆ. ಆ ಕುರ್ಚಿ ಬ್ಯಾರೆ ಅರ್ದೋಗೈತೆ. ಇನ್ನು ಸೊಂಟ ಇಡ್ಕಂತದೆ ನೋಡು.”

ಹೂ ಕಟ್ಟುವವರು ಪಾಪ ಎಂದು ಲೊಚಗುಟ್ಟಿದರು. ಸಹನ ನಗು ಮರೆಸಲು ಕಿಟಕಿಯ ಕಡೆ ತಿರುಗಿದಳು.

ಚಾಂಪಿಯನ್ ಸ್ಟೇಷನ್ನಿನಲ್ಲಿ ಬೋಗಿ ಬರಿದಾಯಿತು. ಶಶಿರೇಖ ಹತ್ತಿರ ಸರಿದು ಕೇಳಿದಳು:

“ಮೆಣಸಿನಕಾಯಿ ಮನೇಲೈತೇನಮ್ಮ?”