ಜನ ತುಂಬಿಸಿಕೊಂಡು ಬಾ ಎಂದ ಮೇಸ್ತ್ರಿ

ಮೊನ್ನೆ ರಾಮಮೂರ್ತಿ ನಗರದ ಹತ್ತಿರ ಸಿಟಿ ಬಸ್ಸು ಹತ್ತಿದೆ. ಹಿಂದಿನ ಚಕ್ರದ ಮೇಲಿನ ಸೀಟು ಸಿಕ್ಕಿತು. ಎರಡು ಸ್ಟಾಪು ದಾಟುವಷ್ಟರಲ್ಲಿ ಕಾಲ ಕೆಳಗಿನಿಂದ ಆ ವಾಸನೆ ಬಂತು. ಸುಟ್ಟ ಕೂದಲು, ಕಾದ ಕಬ್ಬಿಣ, ಅದರೊಳಗೆ ಎಲ್ಲೋ ಒಂದಿಷ್ಟು ಡಾಂಬರು... ಪಕ್ಕದಲ್ಲಿದ್ದ ಹೆಂಗಸು ಮೂಗಿಗೆ ಸೆರಗು ಹಿಡಿದಳು. ಅದು ಬ್ರೇಕು ಚಕ್ರಕ್ಕೆ ಉಜ್ಜುವ ವಾಸನೆ. ನಲವತ್ತು ವರ್ಷದ ಹಿಂದೆ ಆ ವಾಸನೆ ನನ್ನ ತಲೆ ಕೆಡಿಸಿತ್ತು. ಅದೇ ಸಿಟ್ಟಿನಲ್ಲಿ ನಾನು ನಮ್ಮ ಮೇಸ್ತ್ರಿಗೆ ಮಾಡಬಾರದ್ದನ್ನು ಮಾಡಿದ್ದೆ.

ಎರಡನೆಯ ಮಹಾಯುದ್ಧದ ಕಾಲ. ಪೆಟ್ರೋಲು ಸಿಗುತ್ತಿರಲಿಲ್ಲ. ಬಸ್ಸುಗಳ ಹಿಂಬದಿಗೆ ಇದ್ದಿಲಿನ ಒಲೆ ಕಟ್ಟಿ, ಅದರ ಹೊಗೆಯ ಬಲದಿಂದ ಓಡಿಸುತ್ತಿದ್ದೆವು. ನಾನು ಗರುಡಾಚಾರ್‌ಪಾಳ್ಯದ ರಾಗಿ ಹೊಲ ಬಿಟ್ಟು ಸ್ಟಿಯರಿಂಗ್ ಹಿಡಿದವನು. ಇಪ್ಪತ್ನಾಲ್ಕು ವಯಸ್ಸು, ಹೊಸದಾಗಿ ಮದುವೆಯಾಗಿತ್ತು. ಕೆ.ಆರ್. ಪುರದಿಂದ ಹಲಸೂರಿನ ಮೇಲೆ ಶಿವಾಜಿನಗರಕ್ಕೆ ದಿನಕ್ಕೆ ಮೂರು ಸಲ ಹೋಗಿ ಬರುವುದು ನನ್ನ ಕೆಲಸ. ಶಿವಾಜಿನಗರವನ್ನು ಆಗ ಬ್ಲ್ಯಾಕ್‌ಪಲ್ಲಿ ಎನ್ನುತ್ತಿದ್ದರು. ಅಲ್ಲಿಯ ಮಾರ್ಕೆಟ್ಟಿನ ಹಿಂದೆ ಒಂದು ತಗಡಿನ ಶೆಡ್ಡು, ಆ ಶೆಡ್ಡಿನಲ್ಲಿ ನಮ್ಮ ಮೇಸ್ತ್ರಿ.

ಮಿಲಿಟರಿ ವರ್ಕ್‌ಶಾಪಿನಲ್ಲಿ ಬಹಳ ವರ್ಷ ಸುತ್ತಿಗೆ ಹೊಡೆದು ಬಂದಿದ್ದ ತಮಿಳರು ಅವರು. ಕುಳ್ಳನೆಯ ಆಳು, ಬಿಳಿ ಮೀಸೆ, ಮೊಣಕಾಲವರೆಗಿನ ಖಾಕಿ ಚಡ್ಡಿ. ಕೆಟ್ಟ ಎಂಜಿನ್ನಿಗೆ ಉದ್ದನೆಯ ಸ್ಕ್ರೂಡ್ರೈವರಿನ ತುದಿ ತಾಗಿಸಿ, ಹಿಡಿಯನ್ನು ಹಲ್ಲಿನಲ್ಲಿ ಕಚ್ಚಿ ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಮಿಕ್ಕ ಮೆಕ್ಯಾನಿಕ್‌ಗಳು ಒಳಗಿನ ಸದ್ದು ಕೇಳಲು ಹಿಡಿಯನ್ನು ಕಿವಿಗೆ ಇಟ್ಟುಕೊಳ್ಳುತ್ತಾರಲ್ಲ, ಇವರೇಕೆ ಹಲ್ಲಿಗೆ ಎಂದು ನಾನು ಬಹಳ ದಿನ ಯೋಚಿಸಲಿಲ್ಲ. ಒಂದು ಮಧ್ಯಾಹ್ನ ಅವರ ಬೆನ್ನ ಹಿಂದೆಯೇ ಇದ್ದಿಲಿನ ಡಬ್ಬ ಉರುಳಿ ಬಿತ್ತು. ಇಡೀ ಶೆಡ್ಡು ಬೆಚ್ಚಿತು. ಅವರು ಮಾತ್ರ ತಿರುಗಲಿಲ್ಲ. ಆಮೇಲೆ ಎದ್ದು ನನ್ನ ಮುಖ ನೋಡಿದರು, ನನಗೆ ಗೊತ್ತಾಗಿದೆ ಎಂದು ಅವರಿಗೂ ಗೊತ್ತಾಯಿತು. ಇಬ್ಬರೂ ಆ ಮಾತು ಎತ್ತಲಿಲ್ಲ. ಅಂದಿನಿಂದ ಬಸ್ಸಿನ ಮಾಲೀಕರಾದ ಸಾಹುಕಾರರು ಶೆಡ್ಡಿಗೆ ಬಂದಾಗಲೆಲ್ಲ ಮೇಸ್ತ್ರಿ ನನ್ನ ಪಕ್ಕಕ್ಕೆ ಬಂದು ನಿಲ್ಲುತ್ತಿದ್ದರು. ಸಾಹುಕಾರರು ಬೆನ್ನ ಹಿಂದಿನಿಂದ ಏನಾದರೂ ಕೇಳಿದರೆ ನಾನು ಮೊಣಕೈಯಿಂದ ಮೆಲ್ಲಗೆ ತಿವಿಯುತ್ತಿದ್ದೆ...

ಆ ಬೇಸಿಗೆಯಲ್ಲಿ ಎಡ ಹಿಂಚಕ್ರ ಉಜ್ಜಲು ಶುರುವಾಯಿತು. ಕೆ.ಆರ್. ಪುರ ಬಿಟ್ಟು ಒಂದು ಮೈಲಿ ಆಗುತ್ತಲೇ ಕರ್ರೆನ್ನುವ ಸದ್ದು, ಆಮೇಲೆ ವಾಸನೆ. ಇದ್ದಿಲಿನ ಬಸ್ಸಿಗೆ ಮೊದಲೇ ಶಕ್ತಿ ಕಡಿಮೆ. ಹಲಸೂರು ಕೆರೆ ದಾಟಿದ ಮೇಲಿನ ಏರಿನಲ್ಲಿ ನಿಂತೇಬಿಡುತ್ತಿತ್ತು. ಜನ ಗೊಣಗುತ್ತಾ ಇಳಿದು ತಳ್ಳುತ್ತಿದ್ದರು. ಸೊಪ್ಪು ಮಾರುವ ಹೆಂಗಸೊಬ್ಬಳು ಬುಟ್ಟಿ ಹೊತ್ತು ಬಸ್ಸಿಗಿಂತ ಮುಂದೆ ನಡೆದು, "ಬತ್ತೀಯೇನಪ್ಪಾ, ಇಲ್ಲಾ ನಿನ್ನೂ ಹೊತ್ಕೊಂಡ್ ಹೋಗ್ಲಾ?" ಎಂದು ಎಲ್ಲರನ್ನೂ ನಗಿಸಿದಳು. ನನಗೆ ಮಾತ್ರ ಮೈಯೆಲ್ಲ ಉರಿಯಿತು. ಜನ ಇಳಿದರೆ ಬಸ್ಸು ಸಲೀಸಾಗಿ ಹತ್ತುತ್ತಿತ್ತು. ಭಾರ ಕಡಿಮೆಯಾಯಿತಲ್ಲ, ಅದಕ್ಕೆ ಎಂದುಕೊಂಡೆ. ಅದರಾಚೆಗೆ ಯೋಚಿಸುವ ತಾಳ್ಮೆ ನನಗಿರಲಿಲ್ಲ.

ಮೇಸ್ತ್ರಿ ಚಕ್ರ ಎತ್ತಿ ಬಿಚ್ಚಿದರು. ಕೈಯಲ್ಲಿ ತಿರುಗಿಸಿದರೆ ರಾಟೆಯಂತೆ ತಿರುಗಿತು. ಒಳಗಿನ ಬ್ರೇಕಿನ ಪಟ್ಟಿಗಳನ್ನು ಅರ ಹಾಕಿ ಉಜ್ಜಿ ಕೂರಿಸಿದರು. ಮಾರನೆಯ ದಿನ ಮತ್ತೆ ಅದೇ ಸದ್ದು. ಪಟ್ಟಿಗಳನ್ನು ಹಿಂದಕ್ಕೆಳೆಯುವ ಸ್ಪ್ರಿಂಗು ಬದಲಾಯಿಸಿದರು. ಮತ್ತೆ ಅದೇ. ಮೂರನೆಯ ಸಲ ಬೇರಿಂಗ್ ನೋಡಿದರು. ಅದು ನೆಟ್ಟಗಿತ್ತು. ಶೆಡ್ಡಿನಲ್ಲಿ ಮಗುವಿನಂತೆ ಸುಮ್ಮನಿರುವ ಚಕ್ರ ರಸ್ತೆಗೆ ಇಳಿದ ಕೂಡಲೇ ಹಟ ಮಾಡುತ್ತಿತ್ತು.

ನಾಲ್ಕನೆಯ ಸಲ ಅವರು ಚಕ್ರ ಮುಟ್ಟಲೇ ಇಲ್ಲ. ಬಸ್ಸಿನ ಸುತ್ತ ಎರಡು ಸುತ್ತು ಬಂದು, "ತಂಬಿ, ಖಾಲಿ ಬಸ್ ತಂದ್ರೆ ನಾನ್ ಏನ್ ನೋಡ್ಲಿ? ಜನ ತುಂಬ್ಸ್ಕೊಂಡು ಬಾ," ಎಂದರು.

"ಜನಾನಾ? ಶೆಡ್ಡಿಗಾ?"

"ಆಮಾ. ಫುಲ್ ಜನ. ಬುಟ್ಟಿ ಗಿಟ್ಟಿ ಎಲ್ಲಾ. ನಾನ್ ಕೆಳಗ್ ಮಲಗ್ತೀನಿ."

ಮುದುಕನಿಗೆ ತಲೆ ಕೆಟ್ಟಿದೆ ಎಂದುಕೊಂಡೆ. ಕೆಲಸಕ್ಕೆ ಹೊತ್ತಾಗುತ್ತದೆ ಎಂದು ಬೈಯುವ ಜನರನ್ನು ಮಾರ್ಕೆಟ್ಟಿನ ಹಿಂದಿನ ಗಲ್ಲಿಗೆ ಹೇಗೆ ಕರೆದುಕೊಂಡು ಹೋಗುವುದು?

ಅದೇ ದಿನ ಸಂಜೆ ಸಾಹುಕಾರರು ಸ್ಟ್ಯಾಂಡಿನಲ್ಲಿ ನನ್ನನ್ನು ನಿಲ್ಲಿಸಿಕೊಂಡರು. "ಬ್ರೇಕ್ ಮೇಲೇ ಕಾಲಿಟ್ಕೊಂಡ್ ಓಡಿಸ್ತೀಯ ನೀನು. ಬೇರೆ ಡ್ರೈವರ್ ನೋಡ್ಬೇಕಾಗತ್ತೆ," ಎಂದರು. ಸುತ್ತ ಕಂಡಕ್ಟರುಗಳು, ಜಟಕಾದವರು, ಎಲ್ಲರೂ ಕೇಳಿಸಿಕೊಂಡರು. ನಾಲ್ಕು ವಾರದಿಂದ ಕುದಿಯುತ್ತಿದ್ದದ್ದು ಉಕ್ಕಿಬಿಟ್ಟಿತು.

"ನನ್ನ ಕಾಲಲ್ಲ ಸ್ವಾಮಿ, ನಿಮ್ ಮೇಸ್ತ್ರಿ ಕಿವಿ ನೋಡಿ. ಡಬ್ಬ ಬಿದ್ರೂ ಕೇಳಲ್ಲ ಆಯಪ್ಪಂಗೆ. ಇನ್ನ ಬ್ರೇಕ್ ಸದ್ದು ಕೇಳತ್ತಾ?"

ಸಾಹುಕಾರರು ನನ್ನನ್ನು ಮತ್ತೇನೂ ಕೇಳಲಿಲ್ಲ. ಮರುದಿನ ಶೆಡ್ಡಿಗೆ ಹೋಗಿ ಮೇಸ್ತ್ರಿಯ ಬೆನ್ನ ಹಿಂದೆ ನಿಂತು ಎರಡು ಸಲ ಕೂಗಿದರಂತೆ. ತಿವಿಯಲು ಪಕ್ಕದಲ್ಲಿ ನಾನಿರಲಿಲ್ಲ. ಮಧ್ಯಾಹ್ನದ ಟ್ರಿಪ್ಪು ಮುಗಿಸಿ ಹೋದಾಗ ಶೆಡ್ಡಿನಲ್ಲಿ ಬೇರೆಯವನೊಬ್ಬ ಇದ್ದ. ಮೇಸ್ತ್ರಿಯ ಸ್ಪ್ಯಾನರುಗಳನ್ನು ಗೋಣಿಚೀಲದಲ್ಲಿ ಹಾಕಿ ಕಳಿಸಿದ್ದಾಗಿತ್ತು.

ಹೊಸಬನೂ ಚಕ್ರ ಬಿಚ್ಚಿದ, ಉಜ್ಜಿದ, ಕೂರಿಸಿದ. ಬ್ರೇಕು ಮತ್ತೆ ಉಜ್ಜಿತು.

ಒಂದು ವಾರದ ಮೇಲೆ ಹಲಸೂರಿನ ಏರಿನಲ್ಲಿ ಚಕ್ರದಿಂದ ಹೊಗೆಯೇ ಬಂತು. ಜನ ಎಂದಿನಂತೆ ಎದ್ದರು. ಏನು ತೋಚಿತೋ, "ಯಾರೂ ಇಳೀಬೇಡಿ, ಅಲ್ಲೇ ಕೂತ್ಕೊಳ್ಳಿ," ಎಂದು ಕೂಗಿ, ಚಕ್ರಗಳಿಗೆ ಕಲ್ಲು ಕೊಟ್ಟು, ಬಸ್ಸಿನ ಕೆಳಗೆ ನುಸುಳಿದೆ. ಪೆಡಲಿನಿಂದ ಹಿಂದಿನ ಅಚ್ಚಿಗೆ ಹೋಗುವ ಬ್ರೇಕಿನ ಕಂಬಿ ಬಿಗಿದು ನಿಂತಿತ್ತು. ಬೆರಳಿನಿಂದ ಅಲ್ಲಾಡಿಸಲೂ ಆಗಲಿಲ್ಲ. "ಈಗ ಇಳೀರಿ," ಎಂದು ಕೆಳಗಿನಿಂದಲೇ ಕೂಗಿದೆ. ಒಬ್ಬೊಬ್ಬರೇ ಇಳಿದರು. ನನ್ನ ಕಣ್ಣೆದುರಿಗೇ ಅಚ್ಚು ಒಂದಿಷ್ಟು ಮುಂದಕ್ಕೆ ಸರಿಯಿತು, ಕಂಬಿ ಸಡಿಲವಾಯಿತು. ಬಸ್ಸಿನ ಭಾರ ಹೊರುವ ಕಮಾನು ಪಟ್ಟಿಗಳ ಕಟ್ಟಿನೊಳಗೆ ಒಂದು ಪಟ್ಟಿ ಮುರಿದಿತ್ತು. ಜನ ತುಂಬಿದಾಗ ಆ ಕಡೆಯ ಅಚ್ಚು ಹಿಂದಕ್ಕೆ ಜಾರಿ ಕಂಬಿಯನ್ನು ಎಳೆಯುತ್ತಿತ್ತು. ಯಾರೂ ಪೆಡಲು ತುಳಿಯದೆ ಬ್ರೇಕು ತಾನೇ ಹಿಡಿಯುತ್ತಿತ್ತು. ಚಕ್ರದಲ್ಲಿ ಯಾವ ತಪ್ಪೂ ಇರಲಿಲ್ಲ. ಖಾಲಿ ಬಸ್ಸಿನಲ್ಲಿ ಅದು ಯಾರಿಗೂ, ಎಂಥ ಕಿವಿಯವನಿಗೂ, ಸಿಗುತ್ತಿರಲಿಲ್ಲ.

ಅಲ್ಲೇ ಧೂಳಿನಲ್ಲಿ ಮಲಗಿದ್ದೆ. ಸೊಪ್ಪಿನವಳು ಬಗ್ಗಿ, "ಏನಾಯ್ತಪ್ಪಾ, ಏಟಾಯ್ತಾ?" ಎಂದು ಕೇಳಿದಳು.

ಭಾನುವಾರ ಬೆಳಿಗ್ಗೆ ಮೇಸ್ತ್ರಿಯ ಮನೆ ಹುಡುಕಿಕೊಂಡು ಹೋದೆ. ಹಲಸೂರಿನ ಒಂದು ವಠಾರ. ನಲ್ಲಿಯ ಸುತ್ತ ಹೆಂಗಸರು, ಜಗಲಿಯ ಮೇಲೆ ಗಂಡಸರು. ಮೇಸ್ತ್ರಿ ಬಾಗಿಲಲ್ಲಿ ಕೂತು ಯಾರದೋ ಸ್ಟವ್ ರಿಪೇರಿ ಮಾಡುತ್ತಿದ್ದರು. ನನ್ನನ್ನು ಕಂಡು ಮುಖ ಅರಳಿತು. ನನ್ನ ಹೆಂಡತಿಯ ಆರೋಗ್ಯ ಕೇಳಿದರು. ಸಾಹುಕಾರರಿಗೆ ಯಾರು ಹೇಳಿದರೆಂಬುದು ಅವರಿಗೆ ಗೊತ್ತಿರಲಿಲ್ಲ.

"ನಾನೇ ಹೇಳಿದ್ದು. ತಪ್ಪಾಯ್ತು," ಎಂದೆ. ಅವರು ನನ್ನ ಬಾಯಿಯನ್ನೇ ನೋಡಿ, "ಎನ್ನಾ ತಂಬಿ? ಜೋರಾಗ್ ಹೇಳು," ಎಂದು ಕಿವಿಗೆ ಅಂಗೈ ಹಿಡಿದರು. ನಲ್ಲಿಯ ಹತ್ತಿರದ ಹೆಂಗಸರು ನಮ್ಮ ಕಡೆ ತಿರುಗಿದರು. ಇಡೀ ವಠಾರಕ್ಕೆ ಕೇಳುವಂತೆ ಕೂಗದಿದ್ದರೆ ಅವರಿಗೆ ಕೇಳುವಂತಿರಲಿಲ್ಲ. ಕೊನೆಗೆ ಕೂಗಿದ್ದು ಬೇರೆಯೇ ಮಾತು.

"ಕಮಾನು ಪಟ್ಟಿ ಮುರಿದಿತ್ತು! ಜನ ಕೂತ್ರೆ ಕಂಬಿ ಎಳೀತಿತ್ತು!"

ಅವರು ಮಕ್ಕಳಂತೆ ತೊಡೆ ತಟ್ಟಿ ನಕ್ಕರು. "ಪಾತ್ತಿಯಾ! ನೋಡಿದ್ಯಾ, ನಾನ್ ಹೇಳ್ಲಿಲ್ವಾ? ಎಷ್ಟನೇ ಪಟ್ಟಿ?" ಮೇಲಿನಿಂದ ಎರಡನೆಯದು ಎಂದು ಬೆರಳಲ್ಲಿ ತೋರಿಸಿದೆ. ಹೆಂಡತಿಯನ್ನು ಕರೆದು ಕಾಫಿ ತರಿಸಿದರು. ಆ ಕಾಫಿ ಕುಡಿದು ಬಂದೆ. ಸಾಹುಕಾರರ ಹತ್ತಿರ ಹೋಗಿ ಮೇಸ್ತ್ರಿ ಹೇಳಿದ್ದೇ ಸರಿ ಎಂದೆ. "ಸರಿ ಇರಬಹುದು. ಕಿವುಡನ್ನ ಇಟ್ಕೊಂಡ್ ಬಸ್ ಓಡಿಸೋಕಾಗಲ್ಲ," ಎಂದರು. ಅಲ್ಲಿಗೆ ಮುಗಿಯಿತು. ನಾನೂ ಹೆಚ್ಚು ವಾದಿಸಲಿಲ್ಲ. ನನ್ನ ಕೆಲಸ ಉಳಿದಿತ್ತು.

ಮತ್ತೆ ಹೋಗಿ ಹೇಳಬೇಕು ಎಂದುಕೊಳ್ಳುತ್ತಲೇ ದಿನ ತಳ್ಳಿದೆ. ಹೋಗುವ ಹೊತ್ತಿಗೆ ಆ ಮನೆಯಲ್ಲಿ ಬೇರೆ ಸಂಸಾರವಿತ್ತು. ವೆಲ್ಲೂರಿನ ಕಡೆ ಮಗಳ ಮನೆಗೆ ಹೋದರು ಎಂದಷ್ಟೇ ಗೊತ್ತಾಯಿತು...

ಮೊನ್ನೆ ಹಲಸೂರಿನಲ್ಲೇ ಇಳಿದುಬಿಟ್ಟೆ. ವಠಾರವಿದ್ದ ಕಡೆ ಮೂರು ಅಂತಸ್ತಿನ ಕಟ್ಟಡ ಎದ್ದಿದೆ. ಕೆಳಗಿನ ಅಂಗಡಿಯವನಿಗೆ ಮೇಸ್ತ್ರಿಯ ಹೆಸರು ಹೇಳಿ ಕೇಳಿದೆ. ಒಳ್ಳೆಯ ಹುಡುಗ, ಒಳಗೆ ಹೋಗಿ ತನ್ನ ಅಜ್ಜಿಯನ್ನೂ ಕೇಳಿ ಬಂದ. "ಇಲ್ಲ ಸಾರ್, ಗೊತ್ತಿಲ್ವಂತೆ. ನಿಮಗೇನಾಗ್ಬೇಕು ಅವ್ರು?" ಎಂದ. ಮೇಸ್ತ್ರಿ ನನಗಿಂತ ಮೂವತ್ತು ವರ್ಷ ದೊಡ್ಡವರು, ಈಗ ಇರುವುದು ಸಾಧ್ಯವಿಲ್ಲ. ಗೊತ್ತಿದ್ದೂ ಕೇಳಿದೆ. ಅವನು ಕೊಟ್ಟ ಸ್ಟೂಲಿನ ಮೇಲೆ ಸ್ವಲ್ಪ ಹೊತ್ತು ಕೂತಿದ್ದು, ಎದ್ದು ಮನೆಗೆ ಬಂದೆ.