ಅತ್ತೆಯ ಅಂಗಾಲು

ಮೇ ತಿಂಗಳ ದೆಹಲಿಯಲ್ಲಿ ಬೆಳಗಿನ ಹತ್ತೂವರೆಗೆ ಕಲ್ಲುಹಾಸಿನ ಮೇಲೆ ಬರಿಗಾಲಿಡುವುದೂ ಒಂದೇ, ಕಾದ ಹೆಂಚಿನ ಮೇಲೆ ಇಡುವುದೂ ಒಂದೇ. ಆರ್.ಕೆ.ಪುರಂನ ನಮ್ಮ ಕ್ವಾರ್ಟರ್ಸಿನಿಂದ ನಡೆದು ಹೋಗುವಷ್ಟು ದೂರದಲ್ಲಿ ದಕ್ಷಿಣದವರೇ ಹೆಚ್ಚಾಗಿ ಬರುವ ಒಂದು ಗುಡಿಯಿತ್ತು. ಬೇಸಿಗೆಯಲ್ಲಿ ಅಲ್ಲಿ ಪ್ರದಕ್ಷಿಣೆಯ ದಾರಿಗೆ ಗೋಣಿಪಟ್ಟೆ ಹಾಸಿ ನೀರು ಚಿಮುಕಿಸುತ್ತಿದ್ದರು. ಆ ಭಾನುವಾರ ಪಟ್ಟೆಯ ಮೇಲೆ ಜನವೋ ಜನ. ವಾರವಿಡೀ ಫೈಲುಗಳ ಹಿಂದೆ ಗಂಭೀರವಾಗಿ ಕೂರುವ ಅಧಿಕಾರಿಗಳೆಲ್ಲ ಕಾಲು ಪಟ್ಟೆಯಾಚೆ ಬಿದ್ದಾಗಲೆಲ್ಲ ಪಂಚೆ ಎತ್ತಿ ಹಿಡಿದು ಕುಪ್ಪಳಿಸುತ್ತಿದ್ದರು. ನನ್ನ ಅತ್ತೆ ಮಾತ್ರ ಪಟ್ಟೆಯಿಂದ ಪಕ್ಕಕ್ಕೆ ಸರಿದು, ಬರಿಗಲ್ಲಿನ ಮೇಲೆ ಕೈಮುಗಿದುಕೊಂಡು, ನಿಧಾನವಾಗಿ ಮೂರು ಸುತ್ತು ಬಂದರು.

ನೋಡಿದವರು ಬೆರಗಾದರು. ಒಬ್ಬ ತರುಣಿಯಂತೂ ಅವರ ಕಾಲಿಗೆ ನಮಸ್ಕರಿಸಿಯೇ ಬಿಟ್ಟಳು. ಇವರು ನನ್ನ ಅತ್ತೆ ಎಂಬ ಅಭಿಮಾನ ನನಗೆ ಉಕ್ಕುತ್ತಿದ್ದುದು ವರ್ಷಕ್ಕೆ ಒಂದೋ ಎರಡೋ ಸಲ, ಅವತ್ತು ಉಕ್ಕಿತು. ಬಿಸಿ ಮುಟ್ಟಲಿಲ್ಲವೇ ಎಂದು ಕೇಳಿದ್ದಕ್ಕೆ, ನಂಬಿಕೆ ಇದ್ದವರಿಗೆ ದೇವರು ಕಲ್ಲನ್ನೂ ತಂಪು ಮಾಡುತ್ತಾನೆ ಎಂದರು. ನಾನು ಹೌದೆಂದುಕೊಂಡೆ. ಸೋಮವಾರ ಆಫೀಸಿನಲ್ಲಿ ಊಟದ ಹೊತ್ತಿಗೆ ನಾಲ್ಕು ಜನರ ಮುಂದೆ ಈ ಕಥೆ ಹೇಳಿಯೂ ಆಯಿತು.

ಮಂಗಳವಾರ ಸಂಜೆ ಮನೆಗೆ ಬಂದಾಗ ಮೊಸಾಯಿಕ್ ನೆಲದ ಮೇಲೆ ಅಡುಗೆಮನೆಯಿಂದ ದೇವರ ಗೂಡಿನವರೆಗೂ ಒದ್ದೆ ಕಲೆಗಳು ಕಂಡವು. ನೀರು ಚೆಲ್ಲಿದೆ ಎಂದುಕೊಂಡು ಒರೆಸಲು ಬಗ್ಗಿದೆ. ನೀರಾಗಿರಲಿಲ್ಲ. ಅತ್ತೆಯನ್ನು ಕೂರಿಸಿ ಕಾಲೆತ್ತಿ ನೋಡಿದರೆ, ಬಲ ಅಂಗಾಲಿನ ಮುಂಭಾಗದಲ್ಲಿ ಬೊಬ್ಬೆ ಎದ್ದು ಒಡೆದು ಚರ್ಮ ಸುಲಿದು ನೇತಾಡುತ್ತಿತ್ತು. ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ಅಯ್ಯೋ ಎನ್ನುವ ಮೊದಲು ಕೂಗಾಡಿದೆ. ಇಷ್ಟು ಸುಟ್ಟಿದ್ದರೂ ಬಾಯಿ ಬಿಡದೆ ಓಡಾಡಿದ್ದೀರಲ್ಲ, ನಿಮ್ಮ ಭಕ್ತಿಗೆ ಮಿತಿ ಬೇಡವೇ ಎಂದೆ. ಅತ್ತೆ ಬಗ್ಗಿ ತಮ್ಮ ಕಾಲನ್ನು ತಾವೇ ನೋಡಿದರು. ಬೇರೆ ಯಾರದೋ ಕಾಲನ್ನು ನೋಡುವ ಹಾಗೆ ಬಹಳ ಹೊತ್ತು ನೋಡಿದರು.

"ನೋವೇ ಇಲ್ವಲ್ಲೇ," ಎಂದರು.

ಮಾವ ತೀರಿಕೊಂಡ ಮೇಲೆ ಹಾಸನದಿಂದ ನಮ್ಮ ಜೊತೆ ಇರಲು ಬಂದವರು ಅವರು. ದೆಹಲಿಯ ನೀರು, ಹಾಲು, ತೊಗರಿಬೇಳೆ, ನನ್ನ ಸಾರಿನ ಹುಳಿ, ಯಾವುದೂ ಅವರಿಗೆ ಸರಿಬರುತ್ತಿರಲಿಲ್ಲ. ಕಾಲಿನ ವಿಷಯವನ್ನೂ ಹೇಳುತ್ತಲೇ ಇದ್ದರು: ಜೋಮು ಹಿಡಿದ ಹಾಗಿದೆ, ಇರುವೆ ಹರಿಯುತ್ತವೆ, ಹತ್ತಿಯ ಮೇಲೆ ನಡೆದಂತಾಗುತ್ತದೆ. ಹತ್ತು ದೂರುಗಳ ನಡುವೆ ಅದೂ ಒಂದು ಎಂದು ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಒಂದು ಸಂಜೆ ತರಕಾರಿ ಭಯ್ಯಾನ ಗಾಡಿಯ ತನಕ ಹೋದವರು ಒಂದೇ ಚಪ್ಪಲಿಯಲ್ಲಿ ಮನೆಗೆ ಬಂದರು. ಇನ್ನೊಂದು ಎಲ್ಲಿ ಕಳಚಿತೋ ಅವರಿಗೆ ಗೊತ್ತೇ ಇರಲಿಲ್ಲ. ಅದನ್ನು ಹೇಳಿಕೊಂಡು ನಾನೂ ನನ್ನ ಗಂಡನೂ ಎರಡು ದಿನ ನಕ್ಕಿದ್ದೆವು. ಆಮೇಲೆ ಇರುವೆಯ ದೂರು ನಿಂತಿತು. ಸದ್ಯ, ಒಂದು ಕಡಿಮೆಯಾಯಿತು ಎಂದುಕೊಂಡಿದ್ದೆ. ಈಗ ನೆನೆದರೆ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕೆನಿಸುತ್ತದೆ.

ಡಿಸ್ಪೆನ್ಸರಿಯ ಡಾಕ್ಟರು ತಾಳ್ಮೆಯ ಮನುಷ್ಯ. ಅತ್ತೆಗೆ ಕಣ್ಣು ಮುಚ್ಚಲು ಹೇಳಿ, ಕಡ್ಡಿಯ ತುದಿಗೆ ಸಿಕ್ಕಿಸಿದ ನೈಲಾನ್ ಎಳೆಯೊಂದರಿಂದ ಅಂಗಾಲನ್ನು ಹತ್ತು ಕಡೆ ಒತ್ತಿ, ಗೊತ್ತಾದಾಗ ಹೂಂ ಅನ್ನಿ ಎಂದರು. ಅತ್ತೆ ಎರಡು ಸಲ ಹೂಂ ಎಂದರು. ಆ ಎರಡು ಸಲವೂ ಎಳೆ ಅವರನ್ನು ಮುಟ್ಟಿರಲಿಲ್ಲ. ಹಳೆಯ ಸಕ್ಕರೆ ಕಾಯಿಲೆ ಕಾಲಿನ ನರಗಳನ್ನು ತಿಂದುಹಾಕಿದೆ ಎಂದರು ಡಾಕ್ಟರು. ಈ ಗಾಯ ಮಾಯಬಹುದು, ಇನ್ನೊಂದು ಇಂಥದ್ದಾದರೆ ಬೆರಳು ಹೋಗಬಹುದು, ಪಾದವೂ ಹೋಗಬಹುದು; ಇನ್ನು ಮೇಲೆ ಮನೆಯೊಳಗೂ ಬರಿಗಾಲು ಕೂಡದು, ದಿನಾ ಯಾರಾದರೂ ಅಂಗಾಲನ್ನು ನೋಡಬೇಕು. ಸತ್ತ ನರ ಮತ್ತೆ ಚಿಗುರುತ್ತದೆಯೇ ಎಂದು ಕೇಳಿದೆ. ಹೆಚ್ಚು ಆಸೆ ಇಟ್ಟುಕೊಳ್ಳಬೇಡಿ ಎಂದರು. ನಾನು ಇಟ್ಟುಕೊಂಡೆ.

ಚಪ್ಪಲಿಯ ಯುದ್ಧ ಅವತ್ತೇ ಶುರುವಾಯಿತು. ಎಪ್ಪತ್ತು ವರ್ಷ ಹೊಸ್ತಿಲಾಚೆ ಚಪ್ಪಲಿ ಬಿಟ್ಟು ಬಂದವರಿಗೆ ಅಡುಗೆಮನೆಯಲ್ಲಿ ಮೆಟ್ಟಿಕೊಂಡು ಓಡಾಡಿ ಎಂದರೆ ಹೇಗೆ? ಸೆಕ್ಟರಿನ ಮೂಲೆಯ ಮೋಚಿ ಭಯ್ಯಾನಿಂದ ಬಟ್ಟೆಯ ಮೇಲ್ಪಟ್ಟಿ, ಮೆತ್ತನೆಯ ಅಡಿ, ಹಿಮ್ಮಡಿಗೆ ಬಿಗಿಯುವ ಪಟ್ಟಿ ಎಲ್ಲ ಇಟ್ಟು ಒಂದು ಜೊತೆ ಚಪ್ಪಲಿ ಹೊಲಿಸಿದೆ. ಒಂದು ಚೂರೂ ಚರ್ಮವಿಲ್ಲ, ಹೊರಗೆ ಒಮ್ಮೆಯೂ ಹಾಕಿಲ್ಲ ಎಂದು ಆಣೆ ಮಾಡಿದೆ. ಮೆಟ್ಟು ಮೆಟ್ಟೇ ಎಂದರು ಅತ್ತೆ. ತಾವು ಹಿಡಿದ ಮೊಲಕ್ಕೆ ಮೂರೇ ಕಾಲು. ನಾನು ಆಫೀಸಿಗೆ ಹೋದ ಮೇಲೆ ಅವನ್ನು ಕಳಚಿ ದಿವಾನದ ಕೆಳಗೆ ತಳ್ಳುತ್ತಿದ್ದರು. ಆರು ಗಂಟೆಗೆ ಬಸ್ಸಿಳಿದು ನಾನು ಮೆಟ್ಟಿಲು ಹತ್ತುವ ಸದ್ದು ಕೇಳಿದರೆ ಮತ್ತೆ ಹಾಕಿಕೊಳ್ಳುತ್ತಿದ್ದರು, ಅದೂ ಎಡಬಲ ಅದಲುಬದಲಾಗಿ.

ಸಂಜೆ ಕಾಲು ನೋಡುವುದಕ್ಕೂ ಮೊದಲು ಒಪ್ಪಲಿಲ್ಲ. ಸೊಸೆಯ ಕೈಯಲ್ಲಿ ಕಾಲು ಹಿಡಿಸಿಕೊಳ್ಳುವುದೇ ಎಂದು ಸೀರೆ ಎಳೆದು ಪಾದ ಮುಚ್ಚಿಕೊಂಡರು. ನನ್ನ ಕೈಯಲ್ಲಿ ಕಾಲು ಹಿಡಿಸಬೇಕೆಂದು ಹದಿನೆಂಟು ವರ್ಷದಿಂದ ಕಾದವರು ನೀವೇ ಅಲ್ಲವೇ, ಈಗ ನಾನಾಗಿಯೇ ಹಿಡಿಯುತ್ತೇನೆಂದರೆ ನಾಚಿಕೆಯೇಕೆ ಎಂದೆ. ನಗು ತಡೆಯಲಾರದೆ ಪಾದ ಚಾಚಿದರು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎನ್ನುತ್ತಾರೆ. ನಮ್ಮಿಬ್ಬರಿಗೂ ಒಂದೇ ಹೊತ್ತು ಬಂದಿತ್ತು. ಬೆರಳ ಸಂದಿಯನ್ನು ಒರೆಸಿ, ಹಿಮ್ಮಡಿಯ ಬಿರುಕಿಗೆ ಎಣ್ಣೆ ಹಚ್ಚಿ, ಟಾರ್ಚ್ ಹಿಡಿದು ನೋಡುತ್ತಿದ್ದೆ. ಅವರು ಹಾಸನದ ಕಥೆ ಹೇಳುತ್ತಿದ್ದರು. ಗಾಯ ಪೂರ್ತಿ ಮಾಯುವಷ್ಟರಲ್ಲಿ ಗಣೇಶನ ಹಬ್ಬ ಬಂತು.

ಗಾಯ ಮಾಯಿತಲ್ಲ, ಇನ್ನು ಕಾರ್ತಿಕ ಸೋಮವಾರ ಗುಡಿಗೆ ಹೋಗಿ ದೀಪ ಹಚ್ಚಿ ಪ್ರದಕ್ಷಿಣೆ ಬರುತ್ತೇನೆ ಎಂದು ಅತ್ತೆ ಹಟ ಹಿಡಿದರು. ಅಲ್ಲಿ ಬಟ್ಟೆಯ ಚಪ್ಪಲಿಯೂ ನಡೆಯುವುದಿಲ್ಲ. ಬಿಸಿಲು ಹೋದರೇನು, ಹೊರಾಂಗಣದಲ್ಲಿ ದೀಪದ ಎಣ್ಣೆ, ಊದುಕಡ್ಡಿಯ ಕೆಂಡ, ಒಡೆದ ಕಾಯಿಯ ಚಿಪ್ಪು. ಬೇಡ ಎಂದುಬಿಟ್ಟಿದ್ದರೆ ಮುಗಿಯುತ್ತಿತ್ತು. ನಾನು ಜಾಣೆ, ಒಪ್ಪಂದ ಮಾಡಿಕೊಂಡೆ. ಮುತ್ತು ಪೋಣಿಸುವ ನೈಲಾನ್ ದಾರದ ತುಂಡನ್ನು ಪೆನ್ಸಿಲಿಗೆ ಕಟ್ಟಿದೆ. ಡಾಕ್ಟರ ಹಾಗೆಯೇ ದಿನವೂ ಪರೀಕ್ಷೆ ಮಾಡುತ್ತೇನೆ, ಕಣ್ಣು ಮುಚ್ಚಿ ಹತ್ತಕ್ಕೆ ಹತ್ತೂ ಸರಿ ಹೇಳಿದ ದಿನ ನಿಮ್ಮನ್ನು ನಾನೇ ಬರಿಗಾಲಲ್ಲಿ ಕರೆದುಕೊಂಡು ಹೋಗುತ್ತೇನೆ ಎಂದೆ. ನನಗೆ ಗೊತ್ತಿದ್ದ ಪರೀಕ್ಷೆಯೆಂದರೆ ಹಾಗೆಯೇ: ಓದಿದರೆ ಪಾಸಾಗುತ್ತಾರೆ, ಮಾತ್ರೆ ನುಂಗಿ ಅನ್ನ ಕಡಿಮೆ ಮಾಡಿದರೆ ನರಕ್ಕೆ ಜೀವ ಬರುತ್ತದೆ.

ಮೊದಲ ವಾರ ಮೂರು, ನಾಲ್ಕು. ಆಮೇಲೆ ಆರು. ದಸರೆಯ ಹೊತ್ತಿಗೆ ಎಂಟು. ಅಂಥ ಸಂಜೆಗಳಲ್ಲಿ ನಾನು ಅಡುಗೆಮನೆಯಲ್ಲಿ ಹಾಡು ಗುನುಗುತ್ತಿದ್ದೆ. ಟೂರಿನಲ್ಲಿದ್ದ ಗಂಡನಿಗೆ ಫೋನು ಮಾಡಿ, ಡಾಕ್ಟರಿಗೇನು ಗೊತ್ತು, ನಿಮ್ಮಮ್ಮ ಗೆಲ್ಲುತ್ತಿದ್ದಾರೆ ಎಂದೆ. ಅತ್ತೆಯ ಮುಖವೂ ತಿಳಿಯಾಗಿತ್ತು. ಸಾರಿಗೆ ಹುಳಿ ಹೆಚ್ಚಾಯಿತು ಎನ್ನುವುದನ್ನೂ ಬಿಟ್ಟಿದ್ದರು.

ಮೊದಲ ಕಾರ್ತಿಕ ಸೋಮವಾರದ ಹಿಂದಿನ ಸಂಜೆ. ಅತ್ತೆ ದಿವಾನದ ಮೇಲೆ ಕೂತು ಕಣ್ಣು ಮುಚ್ಚಿದರು. ನಾನು ಅವರ ಪಾದದ ಮುಂದೆ ಬೆತ್ತದ ಗಿಡ್ಡ ಪೀಠ, ಮೋಡಾ, ಹಾಕಿಕೊಂಡು ಕೂತು ದಾರ ಒತ್ತಿದೆ. ಹೂಂ. ಇನ್ನೊಂದು ಕಡೆ ಒತ್ತಿದೆ. ಹೂಂ. ಐದಾಯಿತು, ಆರಾಯಿತು, ಒಂದೂ ತಪ್ಪಲಿಲ್ಲ. ಅಷ್ಟರಲ್ಲಿ ಹಾಲು ಉಕ್ಕುವ ವಾಸನೆ ಬಂತು. ಬರಿಗಾಲಲ್ಲಿದ್ದ ನಾನು ಸದ್ದಿಲ್ಲದೆ ಎದ್ದು ಒಳಗೋಡಿ ಗ್ಯಾಸ್ ಆರಿಸಿದೆ. ತಿರುಗಿ ಬರುತ್ತ ಬಾಗಿಲಲ್ಲೇ ನಿಂತೆ.

ಅತ್ತೆ ಕಣ್ಣು ಮುಚ್ಚಿಯೇ ಕೂತಿದ್ದರು. "ಹೂಂ," ಎಂದರು. ಸ್ವಲ್ಪ ತಡೆದು, ನಾನು ದಾರವನ್ನು ಜಾಗ ಬದಲಿಸಲು ತೆಗೆದುಕೊಳ್ಳುತ್ತಿದ್ದಷ್ಟೇ ಹೊತ್ತು ತಡೆದು, ಮತ್ತೆ "ಹೂಂ," ಎಂದರು. ಅವರ ಪಾದದ ಮುಂದೆ ಖಾಲಿ ಮೋಡಾ ಇತ್ತು.

ಹತ್ತು ಮುಗಿಸಿ ಅವರು ಕಣ್ಣು ತೆರೆದರು. ನಾನು ಬಾಗಿಲಲ್ಲಿರುವುದನ್ನು ನೋಡಿದರು. ಮುಖ ಸಣ್ಣದಾಯಿತು. ಎಷ್ಟು ದಿನದಿಂದ ಗೊತ್ತಾಗುತ್ತಿಲ್ಲ ಎಂದು ಕೇಳಿದೆ. ಒಂದು ದಿನವೂ ಗೊತ್ತಾಗಿಲ್ಲ ಎಂದರು. ನನ್ನ ಹಾಳು ಕೋಪ ಮತ್ತೆ ಮುಂದೆ ಬಂತು. ಗುಡಿಗೆ ಹೋಗುವ ಆಸೆಗೆ ನನಗೇ ಸುಳ್ಳು ಹೇಳಿದಿರಾ, ನಾಳೆ ಕಾಲು ಕತ್ತರಿಸಬೇಕಾಗಿ ಬಂದರೆ ಯಾರ ಹೆಸರಿಗೆ ಕಳಂಕ ಎಂದೆ.

"ಗುಡಿಗಲ್ಲ ಕಣೇ," ಎಂದರು ಅತ್ತೆ. "ಕಣ್ಣು ಮುಚ್ಚಿದ್ರೂ ಕಿವಿ ಕೇಳುತ್ತಲ್ಲ. ನಾನು ಸುಮ್ನಿದ್ರೆ ನೀನು ಉಸಿರು ಹಿಡ್ಕೊಂಡು ಕೂತಿರ್ತಿದ್ದೆ. ಹೂಂ ಅಂದಾಗ ಬಿಡ್ತಿದ್ದೆ. ಆಮೇಲಾಮೇಲೆ ಕಿವಿಯೂ ಬೇಕಿರ್ಲಿಲ್ಲ, ಲೆಕ್ಕ ಬಾಯಿಗೇ ಬಂದಿತ್ತು. ದಿನವೆಲ್ಲ ದುಡಿದು ಬಂದೋಳು, ಉಸಿರಾಡ್ಲಿ ಅಂತ ಹೂಂ ಅಂದೆ."

ನಾನು ಮೋಡಾದ ಮೇಲೆ ಕುಸಿದು ಅವರ ಮೊಣಕಾಲಿಗೆ ಹಣೆಯಿಟ್ಟು ಅತ್ತುಬಿಟ್ಟೆ. ಪರೀಕ್ಷೆ ಅವರ ಕಾಲಿಗಾಗಿರಲಿಲ್ಲ, ನನ್ನ ಭಯಕ್ಕಾಗಿತ್ತು. ನಾನು ಕೇಳಿದ್ದಕ್ಕೆ ಅವರು ಉತ್ತರ ಕೊಟ್ಟಿದ್ದರು, ಅಷ್ಟೇ. ಅವರು ನನ್ನ ತಲೆಯ ಮೇಲೆ ಕೈಯಿಟ್ಟರು. ಆಮೇಲೆ ಎರಡೂ ಪಾದಗಳನ್ನು ಎತ್ತಿ ನನ್ನ ಮಡಿಲಲ್ಲಿಟ್ಟರು. ಸರಿಯಾಗಿ ಬಂದು ಕೂತವೇ ಎಂದು ಬಗ್ಗಿ ಕಣ್ಣಿನಿಂದ ನೋಡಿಯೇ ತಿಳಿದುಕೊಂಡರು.

"ನಾಳೆಯಿಂದ ನನ್ನ ಕೇಳ್ಬೇಡ," ಎಂದರು. "ನೀನೇ ನೋಡು."